ಮೆಲ್ಬರ್ನ್‌ನಲ್ಲಿ ಹಳೇ ಸುಜುಕಿ ಸಿಯೆರಾ: ನಮ್ಮ ಜಿಪ್ಸಿ ಸಾಮಾನು ಕೂರುತ್ತದಾ?

ಮೆಲ್ಬರ್ನ್ ಮಲೆನಾಡಿಗ
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 1987ರ ಸುಜುಕಿ ಸಿಯೆರಾ ಇದೆ. 1.3 ಲೀಟರ್, ಕಾರ್ಬ್ಯುರೇಟರ್ ಗಾಡಿ, ಮೇಲೆ ಕ್ಯಾನ್ವಾಸ್ ಟಾಪ್. ಗೊತ್ತಿಲ್ಲದವರಿಗೆ ಹೇಳಬೇಕು ಅಂದ್ರೆ ನಮ್ಮ ಮಾರುತಿ ಜಿಪ್ಸಿಯನ್ನೇ ಸ್ವಲ್ಪ ಗಿಡ್ಡ ಮಾಡಿದ ಹಾಗೆ ಇದೆ.

ಈಗಿನ ತೊಂದರೆ ಏನಂದ್ರೆ, 65-70 ಕಿ.ಮೀ. ವೇಗಕ್ಕೆ ಬಂದು ಸಣ್ಣ ಗುಂಡಿ ಹಾರಿಸಿದರೆ ಸಾಕು, ಸ್ಟೀರಿಂಗ್ ಎಡಕ್ಕೂ ಬಲಕ್ಕೂ ಜೋರಾಗಿ ನಡುಗಲು ಶುರು ಮಾಡುತ್ತದೆ. ವೇಗ ಇಳಿಸುವ ತನಕ ನಿಲ್ಲುವುದಿಲ್ಲ. ಮುಂದಿನ ಚಕ್ರದ ಒಳಗಡೆ ಗ್ರೀಸು, ಎಣ್ಣೆ ಬೆರೆತು ಸೋರುತ್ತಿದೆ. ಜೊತೆಗೆ ಹಿಂದಿನ ಬ್ರೇಕ್ ಶೂ ಸವೆದಿವೆ, ಬಾಗಿಲ ರಬ್ಬರ್ ಬೀಡಿಂಗ್ ಪುಡಿಪುಡಿ.

ಇಲ್ಲಿನ ಅಂಗಡಿಗಳಲ್ಲಿ ಕೇಳಿದರೆ ಅರ್ಧ ಸಾಮಾನು ‘ಈಗ ಬರ್ತಾ ಇಲ್ಲ’ ಅಂತಾರೆ. ಇನ್ನರ್ಧದ ರೇಟ್ ಕೇಳಿದರೆ ಗಾಡಿಯೇ ಬೇಡ ಅನಿಸುತ್ತದೆ. ಕ್ಯಾಂಪ್‌ಬೆಲ್‌ಫೀಲ್ಡ್ ಕಡೆಯ ಗುಜರಿ ಯಾರ್ಡ್‌ಗಳಲ್ಲಿ ಸಿಯೆರಾ ಬರುವುದೇ ಅಪರೂಪ. ಬಂದರೂ ಅದರ ಮುಂದಿನ ಆಕ್ಸಲ್ ಆಗಲೇ ಯಾರೋ ಹೊತ್ತುಕೊಂಡು ಹೋಗಿರುತ್ತಾರೆ.

ಮುಂದಿನ ತಿಂಗಳು ತಮ್ಮ ಬೆಂಗಳೂರಿನಿಂದ ಬರುತ್ತಿದ್ದಾನೆ. ಗಾಡಿ ಸಾಮಾನಿನ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲಿ ಜಿಪ್ಸಿ ಸಾಮಾನು ತಗೊಂಡು ಬಾ ಅನ್ನಲಾ? ಕೂರುತ್ತದಾ?

ಡೆಟ್ರಾಯಿಟ್ ದಾವಣಗೆರೆ
ಮಾರಿಬಿಡಿ ಗುರುವೇ. ಒಂದು ಹಳೇ ಕೊರೊಲಾ ತಗೊಳ್ಳಿ. ಆರಾಮಾಗಿ ಇರಿ.

ಮೆಲ್ಬರ್ನ್ ಮಲೆನಾಡಿಗ
ಕೊರೊಲಾ ಮನೆಯಲ್ಲಿ ಇದೆ ಸರ್. ಅದರಲ್ಲೇ ಗುಜರಿಗೆ ಹೋಗಿ ಬರೋದು.

ಜೆ.ಸಿ. ರೋಡ್ ಕೌಂಟರ್
ಸರ್, ನಾನು ಜೆ.ಸಿ. ರಸ್ತೆಯ ಒಂದು ಅಂಗಡಿಯ ಕೌಂಟರ್‌ನಲ್ಲಿ ಕೂರುವವನು. ಆಸ್ಟ್ರೇಲಿಯಾ, ಕೀನ್ಯಾ, ಶ್ರೀಲಂಕಾ ಕಡೆಯಿಂದ ಜಿಪ್ಸಿ ಸಾಮಾನು ಕೇಳಿಕೊಂಡು ಬರುವವರು ನಮಗೆ ಹೊಸಬರಲ್ಲ. ಕೂರುತ್ತದೆ. ಆದರೆ ‘ಜಿಪ್ಸಿ ಸಾಮಾನು’ ಅಂತ ಕೇಳಿದರೆ ಕೆಟ್ಟಿರಿ. ಜಿಪ್ಸಿ ಅಂದ್ರೆ ಒಂದೇ ಗಾಡಿ ಅಲ್ಲ.

1985ರಲ್ಲಿ ಬಂದದ್ದು 970 ಸಿಸಿ, ನಾಲ್ಕು ಗೇರು, ಚಕ್ರಗಳ ಅಂತರ ಕಡಿಮೆ. 1993ರಲ್ಲಿ ವೈಡ್ ಟ್ರ್ಯಾಕ್ ಬಂತು. ಮುಂದಿನ ಎರಡು ಚಕ್ರಗಳ ನಡುವಿನ ಅಂತರ 1210 ಮಿ.ಮೀ.ನಿಂದ 1300ಕ್ಕೆ ಏರಿತು. ಅಂದ್ರೆ ಆಕ್ಸಲ್ ಹೌಸಿಂಗ್, ಶಾಫ್ಟ್ ಎಲ್ಲ ಉದ್ದ ಆಯಿತು. 1996ರಲ್ಲಿ ಜಿಪ್ಸಿ ಕಿಂಗ್, 1298 ಸಿಸಿ, ಐದು ಗೇರು. 2000ದಲ್ಲಿ 16 ವಾಲ್ವ್‌ನ ಎಂ.ಪಿ.ಎಫ್.ಐ., ಅಂದ್ರೆ ಕಾರ್ಬ್ಯುರೇಟರ್ ಬದಲು ಪೆಟ್ರೋಲ್ ಇಂಜೆಕ್ಷನ್. ನಿಮ್ಮ 1987ರ ಗಾಡಿ 1.3 ಆಗಿರುವುದರಿಂದ ಅದು ಮೊದಲಿನಿಂದಲೇ ವೈಡ್ ಟ್ರ್ಯಾಕ್. ಹಾಗಾಗಿ ಮುಂದಿನ ಆಕ್ಸಲ್ ಕೆಲಸಕ್ಕೆ ನೀವು ಕೇಳಬೇಕಾದ್ದು 1993ರ ನಂತರದ ಜಿಪ್ಸಿಯದು.

ಎಂಜಿನ್ ವಿಷಯ ಬೇರೆ. ನಿಮ್ಮದು ಜಿ13ಎ, 1324 ಸಿಸಿ. ಕಿಂಗ್‌ನದು ಜಿ13ಬಿಎ, 1298 ಸಿಸಿ. ಸಿಲಿಂಡರ್ ಅಗಲ ಎರಡಕ್ಕೂ 74 ಮಿ.ಮೀ., ಆದರೆ ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) ನಿಮ್ಮದು 77, ಕಿಂಗ್‌ನದು 75.5. ಬೋರ್ (ಆ ಅಗಲ) ಒಂದೇ ಅಂತ ಪಿಸ್ಟನ್, ಕ್ರ್ಯಾಂಕ್ ತಗೊಂಡು ಹೋದವರು ವಾಪಸ್ ತಂದು ನಮ್ಮ ಕೌಂಟರ್ ಮೇಲೆ ಕುಕ್ಕಿದ್ದಾರೆ. ಎಂಜಿನ್ ಒಳಗಿನ ಸಾಮಾನು ಬೇಕು ಅಂದ್ರೆ ನಂಬರ್ ಇಲ್ಲದೆ ದುಡ್ಡು ಕೊಡಬೇಡಿ.

ನಂಬರ್ ಅಂದ್ರೆ ಪಾರ್ಟ್ ನಂಬರ್. ಸುಜುಕಿಯದು ಐದು ಅಂಕಿ, ಒಂದು ಗೆರೆ, ಮತ್ತೆ ಐದು ಅಂಕಿ. ಮೊದಲ ಐದು ಅದು ಯಾವ ಸಾಮಾನು ಅಂತ ಹೇಳುತ್ತದೆ, ಮುಂದಿನ ಐದು ಯಾವ ಮಾಡೆಲ್‌ನದು ಅಂತ. ಮಾರುತಿಯವರು ನಡುವಿನ ಗೆರೆಯ ಜಾಗದಲ್ಲಿ ‘ಎಂ’ ಅಕ್ಷರ ಹಾಕುತ್ತಾರೆ. ಎರಡೂ ಕಡೆಯ ಅಂಕಿ ಹೊಂದಿದರೆ ಹೆಚ್ಚು ಕಡಿಮೆ ಅದೇ ಸಾಮಾನು. ‘09’ರಿಂದ ಶುರುವಾದರೆ ಅದು ಬೋಲ್ಟು, ಬೇರಿಂಗು, ಆಯಿಲ್ ಸೀಲ್ ಥರದ್ದು, ಒಂದೇ ಸಾಮಾನು ಬೇರೆ ಬೇರೆ ಗಾಡಿಗಳಿಗೂ ಬರುತ್ತದೆ.

ನಿಮ್ಮ ತಮ್ಮನಿಗೆ ಒಂದು ಮಾತು ಹೇಳಿ. ಅಂಗಡಿಗೆ ಬಂದು ‘ಅಣ್ಣಾ, ಜಿಪ್ಸಿ ಬೇರಿಂಗ್ ಕೊಡಿ’ ಅನ್ನಬಾರದು. ಚೀಟಿಯಲ್ಲಿ ನಂಬರ್ ಬರೆದು ಮುಂದೆ ಇಡಬೇಕು. ಆಮೇಲೆ ಒರಿಜಿನಲ್ಲೋ, ಲೋಕಲ್ ಮಾಲೋ ಅಂತ ಕೇಳಬೇಕು. ಎರಡೂ ಇದ್ದೇ ಇರುತ್ತವೆ. ಕೇಳದಿದ್ದರೆ ನಾವಾಗಿ ಹೇಳೋದು ಕಡಿಮೆ.

ಸಕಲೇಶಪುರ ತೋಟ
ಸಾಮಾನಿನ ಮಾತು ಆಮೇಲೆ. ಮೊದಲು ಏನು ಹೋಗಿದೆ ಅಂತ ನೋಡಿದ್ರಾ? ನಮ್ಮ ತೋಟದಲ್ಲಿ ಜಿಪ್ಸಿ ಬಿಟ್ಟು ಬೇರೆ ಗಾಡಿ ಓಡಿಸಿದ್ದೇ ಕಡಿಮೆ. ಈ ನಡುಕ ಚೆನ್ನಾಗಿ ಗೊತ್ತು.

ಮುಂದಿನ ಎರಡು ಚಕ್ರ ಜಾಕ್ ಹಾಕಿ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಡಿ. ಚಕ್ರದ ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಅಲ್ಲಾಡಿಸಿ. ಆಡಿದರೆ ವೀಲ್ ಬೇರಿಂಗೂ ಆಗಿರಬಹುದು, ಕಿಂಗ್ ಪಿನ್ (ಸ್ಟೀರಿಂಗ್ ತಿರುಗಿಸಿದಾಗ ಚಕ್ರ ತಿರುಗುವ ಗೂಟ) ಬೇರಿಂಗೂ ಆಗಿರಬಹುದು. ಒಬ್ಬರು ಬ್ರೇಕ್ ತುಳಿದು ಹಿಡಿದಿರಲಿ, ಆಗ ಮತ್ತೆ ಅಲ್ಲಾಡಿಸಿ. ಆಟ ನಿಂತರೆ ವೀಲ್ ಬೇರಿಂಗ್. ನಿಲ್ಲದಿದ್ದರೆ ಕಿಂಗ್ ಪಿನ್.

ಆಮೇಲೆ ಎರಡು ಚಕ್ರಗಳನ್ನು ಜೋಡಿಸುವ ಟೈ ರಾಡ್ ಬಿಚ್ಚಿ, ನಕಲ್ ಅನ್ನು, ಅಂದ್ರೆ ಚಕ್ರ ಹೊತ್ತು ತಿರುಗುವ ಭಾಗವನ್ನು, ಕೈಯಲ್ಲೇ ಎಡಕ್ಕೆ ಬಲಕ್ಕೆ ತಿರುಗಿಸಿ. ನೇರ ಬಂದಾಗ ‘ಟಕ್’ ಅಂತ ಒಂದು ಕಚ್ಚಿಗೆ ಬಿದ್ದ ಹಾಗೆ ಆಗುತ್ತದಾ? ಗಾಡಿ ಜಾಸ್ತಿ ನೇರಕ್ಕೇ ಓಡೋದಲ್ವಾ, ರೋಲರ್‌ಗಳು ಒಂದೇ ಜಾಗದಲ್ಲಿ ಕೂತು ಕೂತು ಕಪ್‌ನಲ್ಲಿ (ಬೇರಿಂಗ್‌ನ ಹೊರ ಬಳೆಯಲ್ಲಿ) ಸಾಲಾಗಿ ಗೆರೆ ಕೊರೆದಿರುತ್ತವೆ. ಆ ಬೇರಿಂಗ್ ಅಲ್ಲಿಗೆ ಮುಗಿಯಿತು. ಗ್ರೀಸ್ ತುಂಬಿದರೆ ಉಪಯೋಗ ಇಲ್ಲ.

ಇನ್ನೊಂದು. ಕೆಲವರು ನಡುಕ ತಗ್ಗಿಸುವ ಸ್ಟೀರಿಂಗ್ ಡ್ಯಾಂಪರ್ ಹೊಸದು ಹಾಕಿ ನಡುಕ ನಿಂತಿತು ಅಂತ ಕುಣಿಯುತ್ತಾರೆ. ರೋಗ ಒಳಗೇ ಇರುತ್ತದೆ. ಅದಕ್ಕೆ ದುಡ್ಡು ಹಾಕಬೇಡಿ.

ಮೆಲ್ಬರ್ನ್ ಮಲೆನಾಡಿಗ
ಸರ್, ಹೇಳಿದ ಹಾಗೇ ಮಾಡಿದೆ. ಬ್ರೇಕ್ ತುಳಿದರೂ ಎಡಗಡೆ ಆಡುತ್ತದೆ. ನಕಲ್ ತಿರುಗಿಸಿದರೆ ನಡುವೆ ಕಚ್ಚು ಇದೆ, ಕೈಗೆ ಸ್ಪಷ್ಟ ಗೊತ್ತಾಗುತ್ತದೆ. ಹಾಗಾದ್ರೆ ಬೇರಿಂಗ್ ಎರಡೂ ಕಡೆ, ನಕಲ್ ಸೀಲ್ ಸೆಟ್, ಬ್ರೇಕ್ ಶೂ, ಬೀಡಿಂಗ್. ಒಟ್ಟಿಗೇ ಪಟ್ಟಿ ಮಾಡಿ ತಮ್ಮನಿಗೆ ಕಳಿಸುತ್ತೇನೆ.

ಸಿಡ್ನಿ ಸರಸಕ್ಕ
ತಡೀರಿ, ತಡೀರಿ. ಬ್ರೇಕ್ ಶೂ ಪಟ್ಟಿಯಿಂದ ತೆಗೀರಿ. ನಾನು ಇಲ್ಲಿ ಆಮದು ಸರಕಿನ ಕಾಗದಪತ್ರದ ಕೆಲಸ ಮಾಡುತ್ತೇನೆ, ಅದಕ್ಕೇ ಹೇಳುತ್ತಿದ್ದೇನೆ.

ಆಸ್ಟ್ರೇಲಿಯಾದಲ್ಲಿ 2003ರ ಡಿಸೆಂಬರ್ 31ರಿಂದ ಆಸ್ಬೆಸ್ಟಾಸ್ ಪೂರ್ತಿ ನಿಷೇಧ. ಒಂದಿಷ್ಟು ಅಂಶ ಇದ್ದರೂ ನಡೆಯುತ್ತದೆ ಅನ್ನುವ ರಿಯಾಯಿತಿ ಇಲ್ಲ. ಹಳೇ ಗಾಡಿಯ ಸಾಮಾನಿನಲ್ಲಿ ಅದು ಎಲ್ಲಿರುತ್ತದೆ ಅಂದ್ರೆ ಬ್ರೇಕ್ ಲೈನಿಂಗ್, ಕ್ಲಚ್ ಪ್ಲೇಟ್, ಸೈಲೆನ್ಸರ್ ಕಡೆಯ ಗ್ಯಾಸ್ಕೆಟ್, ಹೆಡ್ ಗ್ಯಾಸ್ಕೆಟ್. ಭಾರತದಲ್ಲಿ ಬಿಳಿ ಆಸ್ಬೆಸ್ಟಾಸ್ ಬಳಸುವುದಕ್ಕೆ ಅಂಥ ನಿಷೇಧ ಇಲ್ಲ. ಹಾಗಾಗಿ ಡಬ್ಬಿಯ ಮೇಲೆ ಏನೂ ಬರೆಯದ ಲೋಕಲ್ ಶೂ ತಂದರೆ ಅದರಲ್ಲಿ ಏನಿದೆ ಅಂತ ಸಾಬೀತು ಮಾಡುವ ಹೊಣೆ ತರುವವರ ಮೇಲೆ. ಗಡಿ ಸಿಬ್ಬಂದಿಗೆ ಅನುಮಾನ ಬಂದರೆ ಸರಕು ತಡೆದು ಲ್ಯಾಬ್ ಪರೀಕ್ಷೆ ಮಾಡಿಸಿ ಅನ್ನುತ್ತಾರೆ. ಪರೀಕ್ಷೆಯ ಖರ್ಚು, ಗೋಡೌನ್ ಬಾಡಿಗೆ ಎಲ್ಲ ನಿಮ್ಮದೇ. ಸಿಕ್ಕಿಬಿದ್ದರೆ ದಂಡ ಬೇರೆ. ಅಂಗಡಿಯವರು ‘ಆಸ್ಬೆಸ್ಟಾಸ್ ಇಲ್ಲ ಸರ್’ ಅಂತ ಬಿಲ್ಲಿನ ಮೇಲೆ ಗೀಚಿಕೊಟ್ಟ ಮಾತ್ರಕ್ಕೆ ಅವರು ಒಪ್ಪಬೇಕು ಅಂತ ಏನಿಲ್ಲ.

ಬ್ರೇಕ್ ಶೂಗೆ ಸುಲಭದ ದಾರಿ ಇದೆ. ನಿಮ್ಮ ಹಳೇ ಶೂ ಕಬ್ಬಿಣ ಚೆನ್ನಾಗಿದ್ದರೆ ಅದನ್ನೇ ಇಲ್ಲಿನ ಬ್ರೇಕ್ ಅಂಗಡಿಗೆ ಕೊಡಿ, ಹೊಸ ಲೈನಿಂಗ್ ಅಂಟಿಸಿ ಕೊಡುತ್ತಾರೆ. ಹಳೇ ಡ್ರಮ್ ಬಿಚ್ಚುವಾಗ ಧೂಳು ಗಾಳಿ ಹಾಕಿ ಊದಬೇಡಿ, ಆ ಹಳೇ ಲೈನಿಂಗ್‌ನಲ್ಲೂ ಅದೇ ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ.

ಪರ್ತ್ ಪುಟ್ಟಣ್ಣ
ಅಕ್ಕಾ, ಇಷ್ಟೆಲ್ಲ ಹೆದರಿಸಬೇಡಿ. ನಾನು ಊರಿಂದ ಎಷ್ಟೋ ಸಲ ಸಾಮಾನು ತರಿಸಿದ್ದೇನೆ. ಯಾರೂ ಏನೂ ಕೇಳಿಲ್ಲ.

ಸಿಡ್ನಿ ಸರಸಕ್ಕ
ಕೇಳಿಲ್ಲ ಅಂದ್ರೆ ತರಬಹುದು ಅಂತ ಅರ್ಥ ಅಲ್ಲ ಪುಟ್ಟಣ್ಣ. ಸರಿ, ದಂಡದ ಮಾತು ಬಿಡಿ. ಆ ಧೂಳು ನಿಮ್ಮ ಗ್ಯಾರೇಜ್‌ನಲ್ಲಿ, ನಿಮ್ಮ ಮಕ್ಕಳ ಸೈಕಲ್ ಪಕ್ಕದಲ್ಲೇ ಬೀಳೋದು ಅಲ್ವಾ?

ಪರ್ತ್ ಪುಟ್ಟಣ್ಣ
ಅದು ಸರಿ. ಲೈನಿಂಗ್, ಗ್ಯಾಸ್ಕೆಟ್ ನಾನೂ ತರಿಸಿಲ್ಲ. ನಂದು ಬರೀ ರಬ್ಬರ್, ಗಾಜು, ಕಬ್ಬಿಣ.

ಸಿಡ್ನಿ ಸರಸಕ್ಕ
ಹಾಗಾದ್ರೆ ಜಗಳ ಇಲ್ಲ. ಉಳಿದದ್ದನ್ನೂ ಒಮ್ಮೆಗೇ ಹೇಳಿಬಿಡುತ್ತೇನೆ.

ಸರಕಿನ ಬೆಲೆ 1000 ಆಸ್ಟ್ರೇಲಿಯನ್ ಡಾಲರ್ ದಾಟಿದರೆ ಆಮದು ಘೋಷಣೆ ಸಲ್ಲಿಸಬೇಕು, ಸುಂಕ, ಶೇ. 10 ಜಿ.ಎಸ್.ಟಿ. ಎರಡೂ ಲೆಕ್ಕಕ್ಕೆ ಬರುತ್ತವೆ. ಅದರೊಳಗಿನ ಸಣ್ಣ ಪಾರ್ಸೆಲ್‌ಗೆ 2018ರ ಜುಲೈನಿಂದ ದೊಡ್ಡ ಆನ್‌ಲೈನ್ ಮಾರಾಟಗಾರರು ಜಿ.ಎಸ್.ಟಿ.ಯನ್ನು ಕೊಳ್ಳುವಾಗಲೇ ಹಿಡಿದುಕೊಳ್ಳುತ್ತಾರೆ. ಭಾರತದ ಜೊತೆಗಿನ ವ್ಯಾಪಾರ ಒಪ್ಪಂದ 2022ರ ಡಿಸೆಂಬರ್ 29ರಿಂದ ಜಾರಿಯಲ್ಲಿದೆ. ಭಾರತದಲ್ಲೇ ತಯಾರಾದದ್ದು ಅನ್ನುವ ಮೂಲ ಪ್ರಮಾಣಪತ್ರ ಇದ್ದರೆ ಸುಂಕದಲ್ಲಿ ಅನುಕೂಲ ಸಿಗುತ್ತದೆ. ಜಿ.ಎಸ್.ಟಿ. ಮಾತ್ರ ತಪ್ಪುವುದಿಲ್ಲ.

ತಮ್ಮ ಸೂಟ್‌ಕೇಸ್‌ನಲ್ಲಿ ತರುವುದಾದರೆ ಮೂರು ಎಚ್ಚರ. ಗ್ಯಾಸ್ ತುಂಬಿದ ಶಾಕ್ ಅಬ್ಸಾರ್ಬರ್ ವಿಮಾನಕ್ಕೆ ಅಪಾಯದ ಸರಕಿನ ಲೆಕ್ಕ. ಪೆಟ್ರೋಲ್ ಮುಟ್ಟಿದ ಹಳೇ ಕಾರ್ಬ್ಯುರೇಟರ್, ಪೆಟ್ರೋಲ್ ಪಂಪ್ ವಾಸನೆ ಬಂದರೆ ಚೆಕ್-ಇನ್‌ನಲ್ಲೇ ಪಕ್ಕಕ್ಕೆ ಇಡಿಸುತ್ತಾರೆ. ಗುಜರಿಯ ಹಳೇ ಸಾಮಾನು ತಂದರೆ ಮಣ್ಣು ಒಂದು ಚೂರೂ ಇರಬಾರದು, ಬಂದಿಳಿದಾಗ ಕಾರ್ಡಿನಲ್ಲಿ ಬರೆದು ತೋರಿಸಬೇಕು. ಇಲ್ಲಿಯ ಜೈವಿಕ ಸುರಕ್ಷತೆಯವರಿಗೆ ಕೆಸರು ಕಂಡರೆ ಆಗುವುದಿಲ್ಲ.

ಶಾರ್ಜಾ ಕುಡ್ಲದವ
ಮಾರಾಯ್ರೆ, ನೀವು ಆಸ್ಟ್ರೇಲಿಯಾದವರು ಪಾಪ. ನಮಗೆ ಇಲ್ಲಿ ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾಕ್ಕೆ ಹೋದರೆ ಸಾಕು. ಸಾಲು ಸಾಲು ಅಂಗಡಿ, ಒಂದರಲ್ಲಿ ಬರೀ ಬಾಗಿಲು, ಒಂದರಲ್ಲಿ ಬರೀ ಗೇರ್‌ಬಾಕ್ಸ್. ಜಪಾನಿನಿಂದ ಅರ್ಧಕ್ಕೆ ಕತ್ತರಿಸಿದ ಗಾಡಿಗಳ ಮುಂಭಾಗ ಇಡಿಇಡೀ ಬಂದು ಬಿದ್ದಿರುತ್ತದೆ. ನನ್ನ ಹಳೇ ಪಜೆರೊಗೆ ಹೆಚ್ಚಿನದು ಸಿಕ್ಕಿದ್ದು ಅಲ್ಲೇ.

ಆದರೆ ಇಲ್ಲೂ ಕಥೆ ಅದೇ. ಅಂಗಡಿಯಲ್ಲಿ ಮೊದಲು ಕೇಳೋದು ‘ಮುಲ್ಕಿಯಾ ತೋರಿಸು’ ಅಂತ. ಗಾಡಿಯ ನೋಂದಣಿ ಕಾರ್ಡು. ಅದರಲ್ಲಿನ ಚಾಸಿ ನಂಬರ್ ಹಾಕಿ ಕಂಪ್ಯೂಟರ್‌ನಲ್ಲಿ ಪಾರ್ಟ್ ನಂಬರ್ ತೆಗೆಯುತ್ತಾರೆ. ಕೊಲ್ಲಿಗೆ ಅಂತ ಮಾಡಿದ ಗಾಡಿ, ಜಪಾನಿನ ಗಾಡಿ, ಅಮೆರಿಕದ ಗಾಡಿ, ಮೂರೂ ಹೊರಗಿನಿಂದ ಒಂದೇ ಕಂಡರೂ ರೇಡಿಯೇಟರ್, ಎ.ಸಿ., ವೈರಿಂಗ್ ಬೇರೆ.

ಇನ್ನೊಂದು ಗುಟ್ಟು. ‘ಈ ನಂಬರ್ ನಿಂತುಹೋಗಿದೆ’ ಅಂದರೆ ಸಾಮಾನೇ ನಿಂತಿದೆ ಅಂತ ಅಂದುಕೊಳ್ಳಬೇಡಿ. ಕಂಪನಿಯವರು ಹಳೇ ನಂಬರ್ ಬದಲಿಗೆ ಹೊಸ ನಂಬರ್ ಕೊಟ್ಟಿರುತ್ತಾರೆ. ಕೌಂಟರಿನ ಹುಡುಗನಿಗೆ ಅವಸರ ಇದ್ದರೆ ಅದನ್ನು ನೋಡಲಿಕ್ಕೆ ಹೋಗೋದಿಲ್ಲ. ಪಾರ್ಟ್‌ಸೂಕ್, ಅಮಯಾಮ ಥರದ ಕ್ಯಾಟಲಾಗ್‌ಗಳಲ್ಲಿ ಚಾಸಿ ನಂಬರ್ ಹಾಕಿ ಚಿತ್ರ ಸಮೇತ ನೀವೇ ನೋಡಬಹುದು. ಹಳೇ ನಂಬರ್, ಬದಲಿ ನಂಬರ್ ಎರಡೂ ಬರೆದುಕೊಂಡು ಹೋಗಿ.

ನಕಲಿ ಮಾಲಿನ ಬಗ್ಗೆಯೂ ನೋಡಿಕೊಳ್ಳಿ. ಡಬ್ಬಿ ಮೇಲಿನ ಹೊಲೊಗ್ರಾಮ್ ನೋಡಿ ಮೋಸ ಹೋಗಬೇಡಿ, ಅದನ್ನೂ ಪ್ರಿಂಟ್ ಹಾಕುತ್ತಾರೆ. ಸಾಮಾನು ಹೊರಗೆ ತೆಗೆದು ಅದರ ಮೇಲೆಯೇ ಕೊರೆದ ನಂಬರ್ ನೋಡಿ.

ಸ್ಟುಟ್‌ಗಾರ್ಟ್ ಶಿವಮೊಗ್ಗ
ಒಳ್ಳೇ ಚರ್ಚೆ. ಯುರೋಪಿನಲ್ಲಿ ಇದೇ ಗಾಡಿ ಇಟ್ಟುಕೊಂಡವರಿಗೆ ಒಂದು ಮಾತು. ಇಲ್ಲಿ ಇದರ ಹೆಸರು ಸಮುರಾಯ್. ಇಲ್ಲಿನ ಎಷ್ಟೋ ಸಮುರಾಯ್‌ಗಳು ಜಪಾನಿನಲ್ಲಿ ಅಲ್ಲ, ಸ್ಪೇನಿನ ಲಿನಾರೆಸ್‌ನ ಸಂತಾನಾ ಕಾರ್ಖಾನೆಯಲ್ಲಿ ತಯಾರಾದವು. ಆ ಕಾರ್ಖಾನೆ 2011ರಲ್ಲಿ ಮುಚ್ಚಿತು. ಚಾಸಿ ನಂಬರ್‌ನ ಮೊದಲ ಮೂರು ಅಕ್ಷರ ನೋಡಿ. ಜೆ-ಎಸ್-ಎ ಇದ್ದರೆ ಜಪಾನ್, ವಿ-ಎಸ್-ಇ ಇದ್ದರೆ ಸ್ಪೇನ್, ಎಂ-ಎ-3 ಇದ್ದರೆ ನಮ್ಮ ಮಾರುತಿ. ಸ್ಪೇನಿನ ಗಾಡಿಯಲ್ಲಿ ಕೆಲವು ಸಾಮಾನು ಅಲ್ಲಿನ ಸ್ಥಳೀಯ ಕಂಪನಿಗಳದ್ದು, ಜಪಾನಿನ ನಂಬರ್ ಹಾಕಿ ತರಿಸಿದರೆ ಕೂರುವುದಿಲ್ಲ. ಜೊತೆಗೆ ನಮಗೆ ಸ್ಟೀರಿಂಗ್ ಎಡಗಡೆ. ಜಿಪ್ಸಿಯ ಸ್ಟೀರಿಂಗ್ ಬಾಕ್ಸ್, ಡ್ಯಾಶ್‌ಬೋರ್ಡ್, ವೈಪರ್ ಕಡ್ಡಿಗಳ ಸೆಟ್ ಯಾವುದೂ ನಮಗಲ್ಲ. ಆಸ್ಟ್ರೇಲಿಯಾದವರಿಗೆ ಆ ಭಾಗ್ಯ ಇದೆ.

ಜರ್ಮನಿಯಲ್ಲಿ ಬೇರೆ ಗಾಡಿಗಳಿಗೆ ಹುಡುಕುವಾಗ ನೋಂದಣಿ ಕಾಗದದ 2.1 ಮತ್ತು 2.2ನೇ ಖಾನೆಗಳ ಸಂಕೇತ ಹಾಕಿದರೆ ಅಂಗಡಿಯವರ ಜಾಲತಾಣಗಳು ಸರಿಯಾದ ಸಾಮಾನೇ ತೋರಿಸುತ್ತವೆ. ಎರಡು ವರ್ಷಕ್ಕೊಮ್ಮೆ ತಪಾಸಣೆ ಇರುವುದರಿಂದ ಇಲ್ಲಿ ಹಳೇ ಗಾಡಿ ಇಟ್ಟವರೆಲ್ಲ ಈ ಅಂಕಿಗಳನ್ನು ಬಾಯಿಪಾಠ ಮಾಡಿರುತ್ತಾರೆ.

ಈಗ ಮೆಲ್ಬರ್ನ್‌ನವರಿಗೆ ನೇರವಾಗಿ ಒಂದು ಪ್ರಶ್ನೆ. ನೀವು ಬೇರಿಂಗನ್ನೇ ಯಾಕೆ ಬೆಂಗಳೂರಿಂದ ತರಿಸುತ್ತೀರಿ? ಬೇರಿಂಗ್ ಸುಜುಕಿಯವರು ಮಾಡೋದಲ್ಲ. ಬೇರಿಂಗ್ ಕಂಪನಿಗಳಿಂದ ಕೊಂಡು ತಮ್ಮ ಡಬ್ಬಿಗೆ ಹಾಕುತ್ತಾರೆ. ಹಳೇದನ್ನು ಸೀಮೆಎಣ್ಣೆಯಲ್ಲಿ ತೊಳೆದು ಅಂಚನ್ನು ಟಾರ್ಚ್ ಹಿಡಿದು ನೋಡಿ. ಅಲ್ಲಿ ನಂಬರ್ ಕೊರೆದಿರುತ್ತದೆ. ಆ ನಂಬರ್ ಪ್ರಪಂಚದಲ್ಲೆಲ್ಲ ಒಂದೇ. ಉದಾಹರಣೆಗೆ 6205 ಅಂದ್ರೆ ಒಳಗಿನ ವ್ಯಾಸ 25 ಮಿ.ಮೀ., ಹೊರಗಿನದು 52, ದಪ್ಪ 15. ಅದು ಟ್ರ್ಯಾಕ್ಟರ್‌ಗೆ ಹೋಗುತ್ತದೋ ವಾಷಿಂಗ್ ಮೆಷಿನ್‌ಗೋ ಅಂತ ಬೇರಿಂಗ್ ಅಂಗಡಿಯವನು ಕೇಳುವುದಿಲ್ಲ. ಆಯಿಲ್ ಸೀಲ್ ಕೂಡ ಅಷ್ಟೇ. ಒಳ ಅಳತೆ, ಹೊರ ಅಳತೆ, ದಪ್ಪ ಮೂರೂ ಸಾಮಾನ್ಯವಾಗಿ ಅದರ ಮೇಲೇ ಇರುತ್ತವೆ. ಕಾರಿನ ಸಾಮಾನಿನ ಅಂಗಡಿ ಬಿಟ್ಟು ಕೈಗಾರಿಕಾ ಬೇರಿಂಗ್ ಮಾರುವವರ ಹತ್ತಿರ ಹೋಗಿ.

ಮೆಲ್ಬರ್ನ್ ಮಲೆನಾಡಿಗ
ಸರ್, ದೊಡ್ಡ ಉಪಕಾರ ಆಯಿತು. ಶನಿವಾರ ಎಡಗಡೆಯ ನಕಲ್ ಪೂರ್ತಿ ಬಿಚ್ಚಿದೆ. ಕೆಳಗಿನ ಬೇರಿಂಗ್‌ನಲ್ಲಿ ರೋಲರ್ ಹಿಡಿದಿಡುವ ಕೇಜ್ ಮುರಿದು ಎರಡು ತುಂಡು. ಕಪ್‌ನಲ್ಲಿ ಸಕಲೇಶಪುರದ ಸರ್ ಹೇಳಿದ ಹಾಗೇ ಸಾಲು ಗೆರೆಗಳು. ಮೇಲಿನ ಬೇರಿಂಗ್ ತೊಳೆದಾಗ ನಂಬರ್ ಓದಲು ಸಿಕ್ಕಿತು. ಡ್ಯಾಂಡೆನಾಂಗ್‌ನಲ್ಲಿ ಕೃಷಿ ಯಂತ್ರಗಳಿಗೆ ಬೇರಿಂಗ್ ಮಾರುವ ಅಂಗಡಿಗೆ ಹೋದೆ. ನಾಲ್ಕೂ ಬೇರಿಂಗ್ ಕಪಾಟಿನಲ್ಲೇ ಇದ್ದವು. ಯಾವ ಗಾಡಿಗೆ ಅಂತ ನಿಜವಾಗಲೂ ಕೇಳಲಿಲ್ಲ!

ನಕಲ್‌ನ ಹಿಂಬದಿಯ ದೊಡ್ಡ ಉಂಡೆಯ ಮೇಲೆ ಕೂರುವ ಸೀಲ್ ಸೆಟ್ ಮಾತ್ರ ಅಲ್ಲಿ ಇಲ್ಲ. ಫೆಲ್ಟ್, ರಬ್ಬರ್, ತಗಡಿನ ಅರ್ಧ ಬಳೆಗಳು. ಅದು ಈ ಗಾಡಿಯದೇ ಆದ ಸಾಮಾನು.

ಜೆ.ಸಿ. ರೋಡ್ ಕೌಂಟರ್
ಅದು ನಮ್ಮ ಹತ್ತಿರ ಇದೆ ಸರ್. ಅಂಥದ್ದನ್ನೇ ಇಲ್ಲಿಂದ ತರಿಸಬೇಕು. ಹಾಗೇ ಬಾಗಿಲ ಬೀಡಿಂಗ್, ಮುಂದಿನ ಗಾಜಿನ ರಬ್ಬರ್, ಲೈಟಿನ ಗಾಜು, ಕೇಬಲ್‌ಗಳು. ಬಾಗಿಲ ಬೀಡಿಂಗ್ ಕೊಳ್ಳುವ ಮುಂಚೆ ಒಂದು ವಿಷಯ. ಗಿಡ್ಡ ಗಾಡಿ, ಉದ್ದ ಗಾಡಿ ಎರಡಕ್ಕೂ ಮುಂದಿನ ಬಾಗಿಲಿನ ಕಡೆ ತೊಂದರೆ ಇಲ್ಲ. ಹಿಂದಿನ ಸೈಡಿನದು, ಕ್ಯಾನ್ವಾಸ್ ಟಾಪ್ ಇವೆರಡು ಜಿಪ್ಸಿಯದು ನಿಮಗೆ ಬರುವುದಿಲ್ಲ. ನಮ್ಮದು 2375 ಮಿ.ಮೀ. ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ), ನಿಮ್ಮದು 2030.

ಪರ್ತ್‌ನವರು ಮಡ್‌ಗಾರ್ಡ್ ಬೇಕು ಅಂತ ಇನ್ನೊಂದು ಕಡೆ ಕೇಳಿದ್ದರು. ಕೊರಿಯರ್‌ನವರು ತೂಕ ಮಾತ್ರ ನೋಡುವುದಿಲ್ಲ, ಡಬ್ಬಿಯ ಗಾತ್ರವನ್ನೂ ನೋಡುತ್ತಾರೆ. ಉದ್ದ, ಅಗಲ, ಎತ್ತರ ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸಿ. 100, 60, 40ರ ಡಬ್ಬಿ ಅಂದ್ರೆ 48 ಕಿಲೋ ಲೆಕ್ಕ. ಒಳಗಿರೋ ತಗಡು ಕೈಯಲ್ಲಿ ಎತ್ತಬಹುದು, ಬಿಲ್ಲು ಎತ್ತಲಾಗುವುದಿಲ್ಲ.

ಡೆಟ್ರಾಯಿಟ್ ದಾವಣಗೆರೆ
ಮಾರಿ ಅಂದವನು ನಾನೇ, ಆದರೂ ಪೂರ್ತಿ ಓದಿದೆ. ಇಲ್ಲೂ ಒಬ್ಬ ಗೆಳೆಯನ ಹತ್ತಿರ ಸಮುರಾಯ್ ಇದೆ. ಅಮೆರಿಕದವರು ಗಮನಿಸಿ: 800 ಡಾಲರ್ ಒಳಗಿನ ಪಾರ್ಸೆಲ್‌ಗೆ ಸುಂಕ ಇಲ್ಲ ಅನ್ನುವ ರಿಯಾಯಿತಿಯನ್ನು 2025ರ ಆಗಸ್ಟ್ 29ರಿಂದ ತೆಗೆದಿದ್ದಾರೆ. ಸಣ್ಣ ಸೀಲ್ ತರಿಸಿದರೂ ಸುಂಕ ಲೆಕ್ಕ ಹಾಕಿಕೊಂಡೇ ತರಿಸಿ.

ಸಕಲೇಶಪುರ ತೋಟ
ಬೇರಿಂಗ್ ಸಿಕ್ಕಿತು ಅಂತ ಸುಮ್ನೆ ಬಡಿದು ಕೂರಿಸಬೇಡಿ. ಮೇಲೆ, ಕೆಳಗೆ ಕಿಂಗ್ ಪಿನ್ ಅಡಿ ತೆಳು ತಗಡಿನ ಶಿಮ್‌ಗಳು ಇರುತ್ತವೆ. ಯಾವ ಕಡೆ ಎಷ್ಟಿತ್ತು ಅಂತ ಬರೆದು ಇಟ್ಟಿದ್ದೀರಾ? ಸೀಲ್ ಹಾಕುವ ಮುಂಚೆ ನಕಲ್ ತೋಳಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದು ನೋಡಿ. ಸಡಿಲ ಇದ್ದರೆ ಶಿಮ್ ತೆಗೆಯಿರಿ, ಬಿಗಿ ಇದ್ದರೆ ಸೇರಿಸಿ. ಎಷ್ಟು ಬರಬೇಕು ಅನ್ನೋದು ವರ್ಕ್‌ಶಾಪ್ ಮ್ಯಾನುಯಲ್‌ನಲ್ಲಿದೆ, ಅಂದಾಜಿಗೆ ಮಾಡಬೇಡಿ. ಬಲಗಡೆಯದೂ ಈಗಲೇ ಬದಲಾಯಿಸಿ.

ಸಿಡ್ನಿ ಸರಸಕ್ಕ
ಮಲೆನಾಡಿಗರೇ, ಗಾಡಿ 25 ವರ್ಷ ದಾಟಿದೆ ಅಲ್ವಾ? ವಿಕ್ಟೋರಿಯಾದಲ್ಲಿ ಹಳೇ ಗಾಡಿಗಳ ಕ್ಲಬ್‌ನ ಸದಸ್ಯರಿಗೆ ಸಿಗುವ ಕ್ಲಬ್ ಪರ್ಮಿಟ್‌ಗೆ ಅರ್ಹತೆ ಇದೆ. ವರ್ಷಕ್ಕೆ 45 ಅಥವಾ 90 ದಿನ ಓಡಿಸಬಹುದು, ಲಾಗ್‌ಬುಕ್‌ನಲ್ಲಿ ಬರೆಯಬೇಕು. ಪೂರ್ತಿ ನೋಂದಣಿಗಿಂತ ಅಗ್ಗ. ಕ್ಲಬ್‌ನ ಹಳಬರ ಶೆಡ್‌ನಲ್ಲಿ ಇರುವಷ್ಟು ಸಾಮಾನು ಗುಜರಿಯಲ್ಲೂ ಇರುವುದಿಲ್ಲ.

ಪರ್ತ್ ಪುಟ್ಟಣ್ಣ
ಮಲೆನಾಡಿಗ ಅಣ್ಣಾ, ನಿಮ್ಮ ತಮ್ಮ ಬರುವಾಗ ನನಗೂ ಒಂದು ಸೀಲ್ ಸೆಟ್ ಸೇರಿಸಿ ತರಬಹುದಾ? ನಂದೂ 1.3, ವೈಡ್ ಟ್ರ್ಯಾಕ್. ಮೆಲ್ಬರ್ನ್‌ನಿಂದ ಪರ್ತ್‌ಗೆ ಪೋಸ್ಟ್ ಖರ್ಚು ನಾನೇ ಕೊಡುತ್ತೇನೆ.

ಮೆಲ್ಬರ್ನ್ ಮಲೆನಾಡಿಗ
ಆಯಿತು ಪುಟ್ಟಣ್ಣ. ಆದರೆ ನಿಮ್ಮ ಚಾಸಿ ನಂಬರ್ ಹಾಕಿ ಸೀಲ್ ಸೆಟ್‌ನ ನಂಬರ್ ನೀವೇ ತೆಗೆದು ನನಗೆ ಖಾಸಗಿಯಾಗಿ ಕಳಿಸಿ. ನನ್ನದಕ್ಕೆ ಹೊಂದಿದರೆ ಎರಡು ಸೆಟ್ ಅಂತ ಚೀಟಿ ಬರೆಯುತ್ತೇನೆ. ತಮ್ಮ ಗುರುವಾರ ಜೆ.ಸಿ. ರಸ್ತೆಗೆ ಹೋಗುತ್ತಾನಂತೆ, ಬುಧವಾರದೊಳಗೆ ಬೇಕು.

ಪರ್ತ್ ಪುಟ್ಟಣ್ಣ
ಇವತ್ತು ರಾತ್ರಿಯೇ ಕಳಿಸುತ್ತೇನೆ. ಒರಿಜಿನಲ್ ಕೇಳಲು ಹೇಳಿ, ಲೋಕಲ್ ಬೇಡ.